ಮಳೆಗಾಲಕ್ಕೆ ಬಾಕ್ಸ್‌ಸ್ಟರ್ ನಾಲ್ಕು ತಿಂಗ್ಳು ನಿಲ್ಲಿಸ್ಬೇಕು, ಹೇಗೆ ಇಡೋದು?

ನಾಪೋಕ್ಲು_ತೋಟ:

ಎಲ್ರಿಗೂ ನಮಸ್ಕಾರ. ನಮ್ದು ನಾಪೋಕ್ಲು ಹತ್ರ ತೋಟ. ಹೋದ ವರ್ಷ ಹುತ್ತರಿ ಮುಗಿದ ಮೇಲೆ ಬೆಂಗ್ಳೂರಿಂದ ಒಂದು 2008ರ ಪೋರ್ಷೆ ಬಾಕ್ಸ್‌ಸ್ಟರ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, 987 ಮಾಡೆಲ್, 2.7 ಎಂಜಿನ್, ಮ್ಯಾನುವಲ್ ಗೇರ್, ಬಟ್ಟೆ ಟಾಪು. ಹನ್ನೆರಡು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು. ಮಾರ್ಚಲ್ಲಿ ಹೂಮಳೆ ಬಿದ್ದ ಮೇಲೆ ಬೆಳಿಗ್ಗೆ ಆರಕ್ಕೆ ಟಾಪ್ ಬಿಚ್ಕೊಂಡು ಮೂರ್ನಾಡು ಮೇಲೆ ಮಡಿಕೇರಿಗೆ ಹೋದ್ರೆ ಕಾಫಿ ಹೂವಿನ ವಾಸನೆ ಸೀದಾ ಸೀಟ್ ತನಕ ಬರುತ್ತೆ, ಅದಕ್ಕೋಸ್ಕರಾನೇ ಈ ಗಾಡಿ ಬೇಕಾಗಿತ್ತು ನಂಗೆ.

ಈಗ ಮೇ ಮುಗೀತಾ ಬಂತು. ಜೂನಿಂದ ಸೆಪ್ಟೆಂಬರ್ ತನಕ ಹೊರಗೆ ತೆಗಿಯೋ ಹಾಗಿಲ್ಲ, ನಮ್ಮ ಮನೆ ದಾರಿ ಕೊನೇ ಅರ್ಧ ಕಿಲೋಮೀಟರ್ ಮಣ್ಣು, ಜೀಪೇ ಜಾರುತ್ತೆ. ಯೂಟ್ಯೂಬಲ್ಲಿ ಹುಡುಕಿದ್ರೆ ಎಲ್ಲಾ ಹೊರದೇಶದವ್ರು ಚಳಿಗಾಲಕ್ಕೆ ಗಾಡಿ ನಿಲ್ಲಿಸೋದು, ಹಿಮ, ರಸ್ತೆಗೆ ಹಾಕೋ ಉಪ್ಪು, ಕೂಲೆಂಟ್ ಹೆಪ್ಪುಗಟ್ಟೋದು ಅಂತ ಹೇಳ್ತಾರೆ. ನಮ್ಮಲ್ಲಿ ಅದ್ಯಾವುದೂ ಇಲ್ಲ, ನಮ್ಮಲ್ಲಿ ಬೀರು ಒಳಗೆ ನೇತಾಕಿದ ಬೆಲ್ಟಿಗೆ ಹದಿನೈದು ದಿನಕ್ಕೆ ಬೂಷ್ಟು ಹಿಡಿಯುತ್ತೆ.

ನನ್ನ ಪ್ಲಾನ್ ಇಷ್ಟು: ಗೊಬ್ಬರದ ಗೋಡೌನಲ್ಲಿ ಒಂದು ಮೂಲೆ ಖಾಲಿ ಮಾಡಿ ನಿಲ್ಲಿಸೋದು, ಮೇಲೆ ದಪ್ಪ ವಾಟರ್‌ಪ್ರೂಫ್ ಕವರ್ ಹಾಕೋದು, ವಾರಕ್ಕೊಂದ್ಸಲ ಹತ್ತು ನಿಮಿಷ ಸ್ಟಾರ್ಟ್ ಮಾಡಿಡೋದು. ಸರಿನಾ? ತಪ್ಪಿದ್ರೆ ದಯವಿಟ್ಟು ಹೇಳಿ, ಇದು ನನ್ನ ಮೊದಲ ಮಳೆಗಾಲ ಈ ಗಾಡಿ ಜೊತೆ.

ಕಕ್ಕಡ_ಮಳೆ:

ಅಣ್ಣ ಮೊದ್ಲು ಟಾಪಿನ ಡ್ರೈನ್, ಅಂದ್ರೆ ಮಳೆನೀರು ಇಳಿದು ಹೋಗೋ ತೂತು, ನೋಡಿ, ಬಾಕಿ ಎಲ್ಲಾ ಆಮೇಲೆ. ನಂದು ಹಳೇ 986, ನಿಮ್ಮ 987ಕ್ಕಿಂತ ಮುಂಚಿನ ಬಾಕ್ಸ್‌ಸ್ಟರ್, 2003ರದ್ದು. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಸಿಲ್ವರ್ ಓಕ್ ಕೆಳಗೆ ನಿಲ್ಸಿದ್ದೆ, ಆ ಮರದ ಎಲೆ ಗೊತ್ತಲ್ಲ ಸಣ್ಣಕೆ ಹರ್ಕೊಂಡು ಎಲ್ಲಾ ಸಂದಿಗೂ ಇಳಿಯುತ್ತೆ. ಒಂದೇ ರಾತ್ರಿ ಮಳೆ. ಬೆಳಿಗ್ಗೆ ಬಾಗಿಲು ತೆಗೆದು ಕಾಲಿಟ್ರೆ ಕಾರ್ಪೆಟ್ ಪಚಕ್ ಅಂತು, ಕೀ ತಿರುಗಿಸಿದ್ರೆ ಸುಮ್ನೆ ಕೂತಿತ್ತು. ಸೀಟ್ ಕೆಳಗೇ ಇಮ್ಮೊಬಿಲೈಸರ್ ಬಾಕ್ಸ್, ಅಂದ್ರೆ ಕೀ ಗುರುತು ಹಿಡಿದ್ರೆ ಮಾತ್ರ ಸ್ಟಾರ್ಟ್ ಆಗೋಕೆ ಬಿಡೋ ಬಾಕ್ಸ್, ಇರೋದು ಇದ್ರಲ್ಲಿ, ಅದು ನೀರಲ್ಲಿ ಮುಳುಗಿತ್ತು. ವರ್ಕ್‌ಶಾಪಿನವ್ರು ಮೂರು ವಾರ ಬ್ಯಾಟರಿ, ಸ್ಟಾರ್ಟರ್ ಅಂತ ಬಿಚ್ಚಿದ್ರು, ಸೀಟ್ ಮಾತ್ರ ಎತ್ತಿ ನೋಡ್ಲಿಲ್ಲ. ಕೊನೆಗೆ ನಾನೇ ಎತ್ತಿದೆ.

ಟಾಪನ್ನ ಅರ್ಧ ಬಿಚ್ಚಿ ನಿಲ್ಲಿಸಿ, ಹಿಂದ್ಗಡೆ ಎರಡೂ ಬದಿ ಗುಂಡಿ ತರ ಇದೆ, ಅಲ್ಲಿ ತೂತು ಕಾಣುತ್ತೆ. ಏರ್ ಹೊಡಿಬೇಡಿ, ಒಳಗಿನ ಪೈಪ್ ಕಳಚ್ಕೊಳ್ಳುತ್ತೆ. ಕಳೆ ಹೊಡಿಯೋ ಮಿಷನ್ನಿನ ನೈಲಾನ್ ದಾರ ಇರುತ್ತಲ್ಲ ತೋಟದಲ್ಲಿ, ಅದನ್ನ ಒಂದು ಮಾರು ಕಟ್ ಮಾಡಿ ಮೆತ್ತಗೆ ತೂರಿಸಿ. ಆಮೇಲೆ ಅರ್ಧ ಲೋಟ ನೀರು ಹೊಯ್ದು ಕೂತ್ಕೊಂಡು ನೋಡಿ, ಹಿಂದಿನ ಚಕ್ರದ ಹತ್ರ ನೆಲಕ್ಕೆ ತೊಟ್ಟಿಕ್ಕಬೇಕು. ಮುಂದ್ಗಡೆ ವೈಪರ್ ಕೆಳಗೆ, ಬ್ಯಾಟರಿ ಪಕ್ಕ ಕೂಡ ಡ್ರೈನ್ ಇದೆ, ಮರೀಬೇಡಿ.

ಟಾಪ್ ಒದ್ದೆ ಇದ್ದಾಗ ಮಡಚಬೇಡಿ, ನಾಲ್ಕು ತಿಂಗ್ಳೂ ಮೇಲಕ್ಕೆ ಎತ್ತಿ ಲಾಕ್ ಹಾಕಿಯೇ ಇಡಿ. ಮಡಚಿಟ್ಟ ಬಟ್ಟೆಯ ಗೆರೆ ಮೇಲೆ ಬೂಷ್ಟು ಹಿಡಿದ್ರೆ ಆ ಕಪ್ಪು ಚುಕ್ಕೆ ಏನು ಉಜ್ಜಿದ್ರೂ ಹೋಗಲ್ಲ.

ವಾರದ_ಸವಾರಿ:

ವಾರಕ್ಕೊಂದ್ಸಲ ಸ್ಟಾರ್ಟ್ ಮಾಡೋದು ಸರಿ ಬ್ರೋ. ನಮ್ಮಪ್ಪ ಮೂವತ್ತು ವರ್ಷ ಜೀಪಿಗೆ ಹಾಗೇ ಮಾಡಿದ್ರು, ಏನೂ ಆಗಿಲ್ಲ. ಟೈರ್ ಗಾಳಿ ಮಾತ್ರ ಜಾಸ್ತಿ ಹಾಕಿ.

ಅಮ್ಮತ್ತಿ_ಕಾಫಿಕಣ:

ಗೊಬ್ಬರದ ಗೋಡೌನ್ ಅಂತ ಓದಿ ಎದೆ ಧಸಕ್ ಅಂತು, ಅಲ್ಲಿ ಮಾತ್ರ ನಿಲ್ಲಿಸ್ಬೇಡಿ ಅಣ್ಣ. ಹೊರದೇಶದವ್ರು ಉಪ್ಪಿಗೆ ಹೆದರ್ತಾರೆ ನಮ್ಮಲ್ಲಿ ಉಪ್ಪಿಲ್ಲ ಅಂದ್ರಿ ನೀವು, ಆದ್ರೆ ಪೊಟ್ಯಾಷ್ ಅಂದ್ರೆ ಏನು, ಪೊಟ್ಯಾಷಿಯಂ ಕ್ಲೋರೈಡ್, ಅವ್ರು ರಸ್ತೆಗೆ ಸುರಿಯೋದು ಸೋಡಿಯಂ ಕ್ಲೋರೈಡ್, ಕಬ್ಬಿಣಕ್ಕೆ ಎರಡೂ ಒಂದೇ ಶತ್ರು. ಮೂಟೆ ಹೊತ್ತು ಹಾಕುವಾಗ ಏಳೋ ಧೂಳು ಹೋಗಿ ಗಾಡಿ ಅಡಿಯಲ್ಲಿ, ಬ್ರೇಕ್ ಡಿಸ್ಕಲ್ಲಿ, ನಟ್ಟು ಬೋಲ್ಟಲ್ಲಿ ಕೂರುತ್ತೆ, ಮಳೆಗಾಲದ ಗಾಳಿಯಿಂದ ತಾನೇ ನೀರು ಎಳ್ಕೊಳ್ಳುತ್ತೆ, ಮಳೆ ಬೀಳದ ಜಾಗದಲ್ಲೇ ತುಕ್ಕು ಶುರು. ಯೂರಿಯಾ ಮೂಟೆ ಜೂನಲ್ಲಿ ಹೇಗೆ ನೀರಾಡುತ್ತೆ ನಿಮಗೇ ಗೊತ್ತು, ಅದರ ಅಮೋನಿಯಾ ತಾಮ್ರದ ವೈರಿಗೆ ಒಳ್ಳೇದಲ್ಲ. ಗಿಡಕ್ಕೆ ಹೊಡಿಯೋ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ಅಲ್ಲೇ ಇದ್ರಂತೂ ಇನ್ನೂ ಕಷ್ಟ, ಅದು ಅಲ್ಯೂಮಿನಿಯಂ ತಿನ್ನುತ್ತೆ, ನಿಮ್ಮ ವೀಲ್ ಅಲ್ಯೂಮಿನಿಯಂ ತಾನೇ. ನಮ್ಮ ಸ್ಪ್ರೇ ಪಂಪಿನ ಕಬ್ಬಿಣದ ಸ್ಟ್ಯಾಂಡ್ ಗೊಬ್ಬರದ ಪಕ್ಕ ಇದ್ದಿದ್ದು ಒಂದೇ ಮಳೆಗಾಲಕ್ಕೆ ಹಪ್ಪಳದ ತರ ಪದರ ಪದರ ಎದ್ದು ಬಂತು, ಅದನ್ನ ಕೈಯಲ್ಲಿ ಮುರಿದು ನೋಡಿದವ್ನು ನಾನು.

ಕಾಫಿ ಇಡೋ ಗೋಡೌನ್ ಜೂನಲ್ಲಿ ಖಾಲಿ ಇದ್ರೆ ಅದು ಒಳ್ಳೇದು, ಕಾಫಿಗೋಸ್ಕರ ಬೆಚ್ಚಗೆ ಕಟ್ಟಿರ್ತೀವಲ್ಲ. ಸಿಮೆಂಟ್ ನೆಲ ನೋಡೋಕೆ ಒಣಗಿದಂಗೆ ಇರುತ್ತೆ ಆದ್ರೆ ಅಡಿಯಿಂದ ತೇವ ಬಿಡ್ತಾ ಇರುತ್ತೆ, ಬೇಕಿದ್ರೆ ಒಂದು ಪ್ಲಾಸ್ಟಿಕ್ ಶೀಟ್ ಹಾಸಿ ಎರಡು ದಿನ ಬಿಟ್ಟು ಮಗುಚಿ ನೋಡಿ. ಹಾಗಾಗಿ ಗಾಡಿ ಅಡಿಗೆ ಪೂರ್ತಿ ದಪ್ಪ ಟಾರ್ಪಾಲ್ ಹಾಸಿ ಅದರ ಮೇಲೆ ನಿಲ್ಲಿಸಿ. ಮೇಲೆ ವಾಟರ್‌ಪ್ರೂಫ್ ಕವರ್ ಬೇಡವೇ ಬೇಡ, ಒಳಗಿನ ತೇವ ಅಲ್ಲೇ ಬೆವರುತ್ತೆ. ಹತ್ತಿ ಬಟ್ಟೆ ಕವರ್ ಸಾಕು, ಸೂರು ಸೋರದಿದ್ರೆ.

ಸ್ಟುಟ್‌ಗಾರ್ಟ್_ಕೊಡಗ:

ನಾನು ಸುಂಟಿಕೊಪ್ಪದವ್ನು, ಈಗ ಕೆಲ್ಸ ಸ್ಟುಟ್‌ಗಾರ್ಟಲ್ಲಿ, ನಿಮ್ಮ ಗಾಡಿ ಕಂಪನಿಯ ಊರಲ್ಲೇ. ಇಲ್ಲಿ ಸ್ಪೋರ್ಟ್ಸ್ ಕಾರನ್ನ ಚಳಿಗಾಲಕ್ಕೆ ಮಲಗಿಸೋದು ಎಷ್ಟು ಮಾಮೂಲಿ ಅಂದ್ರೆ ಅದಕ್ಕೇ ಅಂತ ಬೇರೆ ನಂಬರ್ ಪ್ಲೇಟ್ ಕೊಡ್ತಾರೆ, ಕೊನೆಯಲ್ಲಿ 04, ಅದರ ಕೆಳಗೆ 10 ಅಂತ ಇದ್ರೆ ಏಪ್ರಿಲಿಂದ ಅಕ್ಟೋಬರ್ ತನಕ ಮಾತ್ರ ರಸ್ತೆ ಮೇಲೆ, ಟ್ಯಾಕ್ಸು ಇನ್ಶೂರೆನ್ಸೂ ಅಷ್ಟೇ ತಿಂಗ್ಳಿಗೆ.

ವಾರದ ಸವಾರಿಯವ್ರೆ, ಬೇಜಾರಾಗ್ಬೇಡಿ, ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಈ ಎಂಜಿನ್‌ಗೆ ಒಳ್ಳೇದಲ್ಲ. ಪೆಟ್ರೋಲ್ ಉರಿದ್ರೆ ನೀರು ಹುಟ್ಟುತ್ತೆ, ಸೈಲೆನ್ಸರ್ ಕಾಯೋ ಮೊದಲೇ ಆಫ್ ಮಾಡಿದ್ರೆ ಆ ನೀರು ಅಲ್ಲೇ ಉಳಿಯುತ್ತೆ, ಆಯಿಲಿಗೂ ಸೇರುತ್ತೆ, ಸ್ಟಾರ್ಟ್ ಮಾಡೋಕೆ ಖರ್ಚಾದ ಕರೆಂಟು ಬ್ಯಾಟರಿಗೆ ವಾಪಸ್ ಬಂದಿರಲ್ಲ. ಆಯಿಲ್ ಚೆನ್ನಾಗಿ ಬಿಸಿ ಆಗೋ ತನಕ ಅರ್ಧ ಗಂಟೆ ರೋಡಲ್ಲಿ ಓಡ್ಸೋಕಾದ್ರೆ ಓಡ್ಸಿ, ಆಗಲ್ಲ ಅಂದ್ರೆ ಮುಟ್ಟಲೇಬೇಡಿ. ನಿಲ್ಲಿಸೋ ಮುಂಚೆ ಆಯಿಲ್ ಚೇಂಜ್ ಮಾಡಿ, ಹಳೇ ಆಯಿಲಲ್ಲಿ ಆಸಿಡ್ ಇರುತ್ತೆ, ನಾಲ್ಕು ತಿಂಗ್ಳು ಬೇರಿಂಗನ್ನ ಅದರಲ್ಲಿ ನೆನೆ ಹಾಕೋದ್ಯಾಕೆ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ರೆ ಅದೂ ಬದಲಾಯಿಸಿ. ಟ್ಯಾಂಕ್ ಫುಲ್ ಮಾಡಿಡಿ, ಈಗಿನ E20, ಅಂದ್ರೆ 20 ಪರ್ಸೆಂಟ್ ಎಥನಾಲ್ ಸೇರಿಸಿದ ಪೆಟ್ರೋಲ್, ಗಾಳಿಯ ನೀರು ಎಳ್ಕೊಳ್ಳುತ್ತೆ, ಟ್ಯಾಂಕಲ್ಲಿ ಖಾಲಿ ಜಾಗ ಕಮ್ಮಿ ಇದ್ದಷ್ಟೂ ಒಳ್ಳೇದು. ಹ್ಯಾಂಡ್‌ಬ್ರೇಕ್ ಎಳಿಬೇಡಿ, ಲೈನರ್ ಡ್ರಮ್ಮಿಗೆ ಅಂಟ್ಕೊಳ್ಳುತ್ತೆ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಮರದ ಕಟ್ಟಿಗೆ ಕೊಡಿ. ಗಾಳಿ ಮಾಮೂಲಿಗಿಂತ ಆರೇಳು ಪಿಎಸ್‌ಐ ಜಾಸ್ತಿ ಸಾಕು, ಟೈರ್ ಮೇಲೆ ಬರೆದ ಮ್ಯಾಕ್ಸಿಮಮ್ ದಾಟ್ಬೇಡಿ.

ಈಗ ಮುಖ್ಯ ವಿಷ್ಯ. ಇದ್ರ ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿ ತೆಗ್ಯೋಕೆ ಕರೆಂಟ್ ಬೇಕು. ಬ್ಯಾಟರಿ ಸತ್ರೆ ಬ್ಯಾಟರಿ ಹತ್ರಾನೇ ಹೋಗೋಕಾಗಲ್ಲ. ಆಗ ಕಾಲಿಡೋ ಜಾಗದ ಫ್ಯೂಸ್ ಬಾಕ್ಸಲ್ಲಿ ಒಂದು ಕೆಂಪು ಟರ್ಮಿನಲ್ ಇದೆ, ಅದನ್ನ ಹೊರಕ್ಕೆ ಎಳೆದು ಬೇರೆ ಬ್ಯಾಟರಿಯ ಪ್ಲಸ್ ಅದಕ್ಕೆ, ಮೈನಸ್ ಬಾಗಿಲು ಸಿಕ್ಕಿಕೊಳ್ಳೋ ಕಬ್ಬಿಣದ ಕೊಂಡಿಗೆ ಕೊಟ್ಟು ಕೀ ಒತ್ತಿದ್ರೆ ಡಿಕ್ಕಿ ತೆರೆಯುತ್ತೆ. ಈಗಲೇ ಒಂದ್ಸಲ ಅದೆಲ್ಲಿದೆ ಅಂತ ನೋಡಿಟ್ಕೊಳ್ಳಿ, ಆಗಸ್ಟ್ ಕತ್ತಲಲ್ಲಿ ಹುಡುಕೋ ಹಾಗಾಗ್ಬಾರ್ದು.

ನಾಪೋಕ್ಲು_ತೋಟ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಗೊಬ್ಬರದ ಮಾತು ನನ್ನ ತಲೆಗೇ ಹೊಳೆದಿರ್ಲಿಲ್ಲ. ಬ್ಯಾಟರಿಗೆ ಟ್ರಿಕಲ್ ಚಾರ್ಜರ್ ಹಾಕಿ ಹಾಗೇ ಬಿಡೋಣ ಅಂತಿದ್ದೆ, ಆದ್ರೆ ನಮ್ಮಲ್ಲಿ ಮರ ಲೈನ್ ಮೇಲೆ ಬಿದ್ರೆ ಮೂರು ನಾಲ್ಕು ದಿನ ಕರೆಂಟ್ ಇರಲ್ಲ.

ಸ್ಟುಟ್‌ಗಾರ್ಟ್_ಕೊಡಗ:

ಹಾಗಾದ್ರೆ ಬಿಚ್ಚಿ ಮನೆ ಒಳಗಿಡಿ. ತಿಂಗಳಿಗೊಂದ್ಸಲ ಮೀಟರ್ ಹಿಡೀರಿ, 12.4 ವೋಲ್ಟಿಗಿಂತ ಕೆಳಗೆ ಬಂದ್ರೆ ಚಾರ್ಜ್ ಮಾಡಿ. ಗುಡುಗು ಸಿಡಿಲು ಇದ್ದಾಗ ಚಾರ್ಜರ್ ಪ್ಲಗ್ ಕಿತ್ತಿಡಿ. ಬಿಚ್ಚಿದ ಮೇಲೆ ಡಿಕ್ಕಿಯನ್ನ ಪೂರ್ತಿ ಒತ್ತಿ ಮುಚ್ಬೇಡಿ.

ಹೆಗ್ಗಣ_ಕಂಡವ್ನು:

ಇಲಿ ಬಗ್ಗೆ ಯಾರೂ ಹೇಳ್ಲಿಲ್ಲ. ಬಾಕ್ಸ್‌ಸ್ಟರ್ ಎಂಜಿನ್ ಮಧ್ಯದಲ್ಲಿದೆ, ಬಾನೆಟ್ ಎತ್ತಿ ನೋಡೋ ಹಾಗಿಲ್ಲ, ಗೂಡು ಕಟ್ಟಿದ್ರೂ ಗೊತ್ತಾಗಲ್ಲ. ಸೈಲೆನ್ಸರ್ ಬಾಯಿಗೆ ಸ್ಟೀಲ್ ಜಾಲರಿ ತುರುಕಿ, ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ, ತೆಗೆದೇ ಸ್ಟಾರ್ಟ್ ಮಾಡ್ಬೇಕು ಅಂತ ನೆನಪಿಗೆ. ನಮ್ಮನೇಲಿ ಹೊಗೆಸೊಪ್ಪು ಇಡ್ತೀವಿ, ಬಟ್ಟೆ ಚೀಲದಲ್ಲಿ, ತಿಂಗಳಿಗೊಂದ್ಸಲ ಬದಲಾಯಿಸಿ. ನುಸಿಗುಳಿಗೆ ಮಾತ್ರ ಬೇಡ, ವಾಸನೆ ಸೀಟಿಂದ ವರ್ಷ ಆದ್ರೂ ಹೋಗಲ್ಲ. ಗೋಡೌನಲ್ಲಿ ಕಾಳು, ಹಿಂಡಿ ಏನೂ ಇಡ್ಬೇಡಿ.

ಕುಶಾಲನಗರ_ರೈಡರ್:

ಇಷ್ಟೆಲ್ಲಾ ಯಾಕೆ, ಕುಶಾಲನಗರಕ್ಕೆ ತಂದು ನಿಲ್ಲಿಸಿ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್, ಮಳೆ ನಿಮ್ಮ ಕಡೆಗೂ ನಮ್ಮ ಕಡೆಗೂ ಅಜಗಜಾಂತರ.

ನಾಪೋಕ್ಲು_ತೋಟ:

ಅದನ್ನೂ ಯೋಚ್ನೆ ಮಾಡ್ದೆ ಅಣ್ಣ, ಆದ್ರೆ 2018ರ ಆಗಸ್ಟ್ ತರ ಗುಡ್ಡ ಜರಿದು ರಸ್ತೆ ಹೋದ್ರೆ ಗಾಡಿ ಒಂದು ಕಡೆ ನಾನೊಂದು ಕಡೆ. ಕಣ್ಣೆದುರಿಗೇ ಇರ್ಲಿ ಅನ್ಸುತ್ತೆ.

ನಾಪೋಕ್ಲು_ತೋಟ:

ಹದಿನೈದು ದಿನ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಕಾಫಿ ಗೋಡೌನ್ ತೊಳೆದು ನಾಲ್ಕು ದಿನ ಬಾಗಿಲು ತೆಗೆದು ಒಣಗಿಸಿದೆ, ಟಾರ್ಪಾಲ್ ಹಾಸಿದೆ, ಆಯಿಲ್ ಚೇಂಜ್ ಆಯ್ತು, ಗಾಡಿಯ ಅಡಿಯನ್ನೂ ತೊಳೆದು ಕೊನೇ ಸಲ ವಿರಾಜಪೇಟೆ ತನಕ ಹೋಗಿ ಬಂದೆ, ಎಲ್ಲಾ ಬಿಸಿಯಾಗಿ ಒಣಗ್ಲಿ ಅಂತ. ಎಡಗಡೆ ಡ್ರೈನಿಂದ ನೈಲಾನ್ ದಾರದ ಜೊತೆ ಒಂದು ಹಿಡಿ ಕಪ್ಪು ಕೆಸರು ಬಂತು, ಒಳಗೆ ಒಂದು ಮೊಳಕೆ ಬಂದ ಬೀಜ ಇತ್ತು, ಎರಡು ಎಲೆ ಬಿಟ್ಟಿತ್ತು. ಕಕ್ಕಡ ಮಳೆಯವ್ರೆ, ನೀವು ಹೇಳದಿದ್ರೆ ನಾನದನ್ನ ನೋಡ್ತಾನೇ ಇರ್ಲಿಲ್ಲ.

ಕಾಫಿ ದುಡ್ಡಲ್ಲಿ ಒಂದು ಡಿಹ್ಯೂಮಿಡಿಫೈಯರ್, ಗಾಳಿಯ ತೇವ ಎಳಿಯೋ ಮಿಷನ್, ತಗೊಂಡೆ, ಅದರ ಪೈಪನ್ನ ಗೋಡೆ ತೂತಿಂದ ಹೊರಗೆ ಬಿಟ್ಟಿದೀನಿ. ಬಾಗಿಲ ಸಂದಿಗೆ ಹಳೇ ಗೋಣಿ ಮಡಚಿ ತುರುಕಿದೀನಿ, ಇಲ್ದಿದ್ರೆ ಹೊರಗಿನ ಗಾಳಿಯನ್ನೇ ಒಣಗಿಸ್ತಾ ಕೂರುತ್ತೆ. ಮೊನ್ನೆ ರಾತ್ರಿ ಮೊದಲ ಜೋರು ಮಳೆ, ಬೆಳಿಗ್ಗೆ ಹೋಗಿ ಗಾಳಿಯ ತೇವದ ಮೀಟರ್ ನೋಡಿದ್ರೆ ಜಗಲಿಯಲ್ಲಿ 95 ಪರ್ಸೆಂಟ್, ಒಳಗೆ 57. ಹತ್ತಿ ಕವರ್ ಎತ್ತಿ ಟಾಪ್ ಮೇಲೆ ಕೈ ಆಡಿಸ್ದೆ, ಒಣಗಿದ ಬಟ್ಟೆ, ತಣ್ಣಗೂ ಇರ್ಲಿಲ್ಲ.

ಕೈಲ್‌ಪೊಳ್ದ್‌ಗೆ, ಅಂದ್ರೆ ಸೆಪ್ಟೆಂಬರ್ 3ರ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬಕ್ಕೆ, ಕೋವಿ ಜೊತೆ ಇದಕ್ಕೂ ಹೂವಿಟ್ಟು ಪೂಜೆ ಮಾಡ್ಬೇಕು ಅಂತ ಅಮ್ಮ ಈಗಲೇ ಹೇಳ್ತಿದಾರೆ, ಓಡ್ಸೋದು ಮಾತ್ರ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಆದ್ಮೇಲೇ. ಒಂದೇ ಡೌಟ್ ಉಳಿದಿದೆ: ಬಾಗಿಲ ರಬ್ಬರ್ ಅಂಟ್ಕೊಳ್ಳದ ಹಾಗೆ ಪೌಡರ್ ಹಾಕೋದಾ, ಸಿಲಿಕಾನ್ ಹಚ್ಚೋದಾ?

ಅಮ್ಮತ್ತಿ_ಕಾಫಿಕಣ:

ಸಿಲಿಕಾನ್. ಬಟ್ಟೆಗೆ ಹಾಕಿ ಒರೆಸಿ, ನೇರ ಸ್ಪ್ರೇ ಮಾಡಿದ್ರೆ ಗ್ಲಾಸಿಗೆ ಹಾರುತ್ತೆ. ಪೌಡರ್ ನಮ್ಮ ತೇವಕ್ಕೆ ಹಿಟ್ಟು ಕಲಸಿದಂಗೆ ಆಗುತ್ತೆ.