ಬ್ಲ್ಯಾಕ್ ಸಬ್ಬತ್ ಮೊದಲ ಎಲ್‌ಪಿ: ಹಳೆಯದೋ, ಹೊಸದೋ? ನಿಮ್ಮ ಅನುಭವ ಹೇಳಿ

ರೀಡಿಂಗ್ ಹುಡುಗ: ನಾನಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಇಂಗ್ಲಿಷ್ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ 1970ರ ಮೊದಲ ಆಲ್ಬಂ ಎಲ್‌ಪಿಯಲ್ಲಿ (ದೊಡ್ಡ ರೆಕಾರ್ಡ್) ಬೇಕು. ಬಜೆಟ್ 60 ಪೌಂಡ್. ಅದನ್ನು ಇಲ್ಲಿ ಮೊದಲು ಹೊರತಂದ ವರ್ಟಿಗೋ ಕಂಪನಿಯ ಹಳೇ ಪ್ರತಿಗೆ ಕಾಯಲೋ, ಹೊಸದಾಗಿ ಅಚ್ಚಾದ ಪ್ರತಿ ತಗೊಳ್ಳಲೋ?

ಸೂಜಿಮನೆ, ಬೆಂಗಳೂರು: ವರ್ಟಿಗೋನೇ ಬೇಕು ಅಂತ ಇಂಗ್ಲೆಂಡಿನಿಂದ ತರಿಸಿದೆ. ರೆಕಾರ್ಡಿಗೆ 240 ಪೌಂಡ್, ಕೊರಿಯರ್‌ಗೆ 38, ಇಲ್ಲಿ ಕಸ್ಟಮ್ಸ್ ಅದು ಇದು ಸೇರಿ 11,400 ರೂಪಾಯಿ. ಮಾರಿದವನು ಕಳಿಸಿದ್ದ ವಿಡಿಯೋದಲ್ಲಿ ಇದ್ದದ್ದು ಮೊದಲ ಹಾಡಿನ ಶುರು ಮಾತ್ರ. ಅಲ್ಲಿ ಮಳೆ, ಗುಡುಗು, ಗಂಟೆ. ಸವೆದ ರೆಕಾರ್ಡಿನ ಚಟಪಟ ಸದ್ದೆಲ್ಲ ಮಳೆಯಲ್ಲೇ ಮುಚ್ಚಿಹೋಗುತ್ತದೆ. ಎರಡನೇ ಬದಿಯ 'ಸ್ಲೀಪಿಂಗ್ ವಿಲೇಜ್' ಶುರುವಾಗುವುದು ನಮ್ಮ ಮೋರ್ಚಿಂಗ್ ಥರದ ವಾದ್ಯ, ಮೆಲ್ಲನೆಯ ಗಿಟಾರ್‌ನಿಂದ. ಅದರ ಮೇಲೆ ಕಡಲೆ ಹುರಿದ ಹಾಗೆ ಸದ್ದು! ಕೇಳಿದ್ದಕ್ಕೆ 'ಹಳೇ ರೆಕಾರ್ಡ್ ಅಲ್ವಾ' ಅಂದ. ದುಡ್ಡು ವಾಪಸ್ ಬರಲಿಲ್ಲ. ಯಾರೇ ಮಾರಲಿ, ಮೊದಲು 'ಸ್ಲೀಪಿಂಗ್ ವಿಲೇಜ್' ಹಾಕಿಸಿ ಕೇಳಿ.

ಬ್ರಮ್ಮಿ ಕನ್ನಡಿಗ: ನಾನು ಬರ್ಮಿಂಗ್‌ಹ್ಯಾಮ್‌ನಲ್ಲೇ ಅಂಗಡಿಯಲ್ಲಿ ಎರಡೂ ಬದಿ ಕೇಳಿ 310 ಪೌಂಡ್ ಕೊಟ್ಟೆ. ಕವರ್‌ನ ಬೆನ್ನು ಹರಿದಿತ್ತು, ಅಂಟಿಸಲು ಇನ್ನೂ 25. ಒಂದು ಪೈಸೆಯೂ ದಂಡ ಅಲ್ಲ. ಒಂದನೇ ಬದಿಯ ಲೇಬಲ್ ಪೂರ್ತಿ ವರ್ಟಿಗೋದ ಸುರುಳಿ ಚಿತ್ರ. ಎರಡೂ ಬದಿಯ ಹಾಡುಗಳ ಹೆಸರು ಎರಡನೇ ಬದಿಯಲ್ಲೇ. 1969ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ರೀಜೆಂಟ್ ಸೌಂಡ್‌ನಲ್ಲಿ ಒಂದೇ ದಿನದಲ್ಲಿ ಬಾರಿಸಿ ಮುಗಿಸಿದ ಆಲ್ಬಂ ಇದು. ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡ ಗಿಟಾರ್ ವಾದಕ ಟೋನಿ ಐಯೋಮಿ, ಆ ಬೆರಳುಗಳಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಕೊಂಡು ನುಡಿಸಿದ್ದು. ನೋವಾಗಬಾರದು ಅಂತ ತಂತಿ ಸಡಿಲ ಮಾಡಿದ್ದೂ ಇದರಲ್ಲೇ. ಮುಖಪುಟದ ಗಿರಣಿ ನಿಮ್ಮೂರ ಪಕ್ಕದ ಮೇಪಲ್‌ಡರಮ್‌ನಲ್ಲಿದೆ. ಅಂಥವರಿಗೆ ಹೊಸ ಪ್ರತಿ ಯಾಕೆ?

ಮಲ್ಲೇಶ್ವರಂ ರಾಕರ್: ತಂತಿಯನ್ನು ಅಷ್ಟು ಕೆಳಗೆ ಇಳಿಸಿದ್ದು ಮೂರನೇ ಆಲ್ಬಂನಲ್ಲಿ ಸರ್. ಇದು ಮಾಮೂಲಿ ಶ್ರುತಿ. ಕೂತು ನುಡಿಸಿ ನೋಡಿ. ನನ್ನದು ಅಮೆರಿಕದ ವಾರ್ನರ್ ಕಂಪನಿಯ ಪ್ರತಿ, 35 ಡಾಲರ್. ಅಣ್ಣ ಸೂಟ್‌ಕೇಸ್‌ನಲ್ಲಿ ತಂದ. ಕವರ್ ಮೂಲೆ ಮಡಚಿತು, ರೆಕಾರ್ಡ್ ಕ್ಲೀನ್. ಇಂಗ್ಲೆಂಡ್ ಪ್ರತಿಯ 'ಈವಿಲ್ ವುಮನ್' ಹಾಡಿನ ಬದಲು ಇದರಲ್ಲಿ 'ವಿಕೆಡ್ ವರ್ಲ್ಡ್' ಇದೆ. ಮೊದಲನೆಯದು ಕ್ರೋ ಅನ್ನೋ ಅಮೆರಿಕನ್ ಬ್ಯಾಂಡ್‌ನ ಹಾಡು. ಎರಡನೆಯದು ಇವರ ಸ್ವಂತದ್ದು. ಯಾವುದು ಮೇಲು ಅಂತ ಬೇರೆ ಹೇಳಬೇಕಾ?

ಬ್ರಮ್ಮಿ ಕನ್ನಡಿಗ: ಶ್ರುತಿ ವಿಷಯ ಸರಿ. ಆದರೆ 1970ರ ಫೆಬ್ರವರಿ 13ರಂದು ಇಲ್ಲಿ ಜನ ಕೊಂಡದ್ದು 'ಈವಿಲ್ ವುಮನ್' ಇದ್ದ ಆಲ್ಬಂ. ಹಾಡು ಬದಲಾಯಿಸಿದ್ದನ್ನು ಮೂಲ ಅನ್ನಬೇಡಿ.

ಮಲ್ಲೇಶ್ವರಂ ರಾಕರ್: ಮೂಲ ಅಂತ ನಾನೆಲ್ಲಿ ಅಂದೆ? ಸುಮ್ನೆ ಬಾಯಿಗೆ ಮಾತು ತುರುಕಬೇಡಿ. ಸೂಜಿಮನೆಯವರೇ, ಅದನ್ನು ತೊಳೆದು ನೋಡಿದ್ರಾ? ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದರೆ ಅರ್ಧ ಸದ್ದು ಹೋಗುತ್ತದೆ. ಜಾಸ್ತಿ ಜನ ಅದನ್ನೇ ಮಾಡಲ್ಲ.

ಸೂಜಿಮನೆ, ಬೆಂಗಳೂರು: ಮಷಿನ್‌ನಲ್ಲಿ ತೊಳೆಸಿದ್ದೇನೆ, ಅದಕ್ಕೆ 600 ರೂಪಾಯಿ ಬೇರೆ. ಕೊಳೆ ಇದ್ದರೆ ಹೋಗುತ್ತಿತ್ತು. ಇದು ಸವೆದ ಸೂಜಿ ಕೊರೆದದ್ದು. ಲೇಬಲ್ ಪಕ್ಕ ದೀಪಕ್ಕೆ ಹಿಡಿದರೆ ಬೂದು ಬಣ್ಣ ಕಾಣುತ್ತದೆ. ಫೋಟೋ ಹಾಕುತ್ತೇನೆ, ನೋಡಿ ಆಮೇಲೆ ಮಾತಾಡಿ.