ಅಡುಗೆಮನೆ, ಬಾತ್‌ರೂಮಿಗೆ ಗಾಜಿನ ಟೈಲ್ಸ್: ಮಾಮೂಲಿ ಸಿಮೆಂಟಿನಲ್ಲಿ ಅಂಟಿಸಬಹುದಾ?

ಬೆಳಕಿಂಡಿ:
ಎಲ್ಲರಿಗೂ ನಮಸ್ಕಾರ. ನಮ್ಮ ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಅದೂ ಸಣ್ಣದು. ಒಲೆ ಇರುವ ಕಡೆ ಹಗಲಲ್ಲೂ ಮಬ್ಬು. ಅದಕ್ಕೇ ಕಟ್ಟೆಯಿಂದ ಮೇಲಿನ ಕಪಾಟಿನ ತನಕ ಗಾಜಿನ ಟೈಲ್ಸ್ ಹಾಕಿಸಬೇಕು ಅಂತ ಆಸೆ. ತಿಳಿ ಹಸಿರಿನ ಒಂದು ಸ್ಯಾಂಪಲ್ ತಂದಿಟ್ಟುಕೊಂಡಿದ್ದೇನೆ. ಕಿಟಕಿಗೆ ಹಿಡಿದರೆ ಅಂಚಿನ ತನಕ ಬೆಳಕು ತುಂಬಿಕೊಳ್ಳುತ್ತದೆ, ಎಷ್ಟು ನೋಡಿದರೂ ಸಾಲದು. ಬಾತ್‌ರೂಮಿನಲ್ಲಿ ಶವರ್ ಗೋಡೆಗೂ ನೆಲಕ್ಕೂ ಇದನ್ನೇ ಹಾಕೋಣ ಅಂತಿದ್ದೇನೆ.

ಮೇಸ್ತ್ರಿ ಮಾತ್ರ "ಎಲ್ಲ ಟೈಲ್ಸೂ ಒಂದೇ, ಮಾಮೂಲಿ ಸಿಮೆಂಟಿನಲ್ಲೇ ಅಂಟಿಸಿಬಿಡೋಣ" ಅನ್ನುತ್ತಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಹಾಕಿಸಿದವರು, ಹಾಕುವವರು ದಯವಿಟ್ಟು ಹೇಳಿ.

ಕರಣೆ ಕೈ:
ನಾನು ಟೈಲ್ಸ್ ಕೆಲಸದವನು. ಗಾಜಿನದ್ದು ಅಂದರೆ ನನಗೆ ಒಂದು ಕೈ ಜಾಸ್ತಿನೇ ಪ್ರೀತಿ. ಖಂಡಿತ ಹಾಕಿಸಿ. ಆದರೆ ಮಾಮೂಲಿ ಸಿಮೆಂಟ್ ಬೇಡ.

ಸೆರಾಮಿಕ್ ಟೈಲ್ ಹಿಂದೆ ಏನಿದ್ದರೂ ಯಾರಿಗೂ ಕಾಣುವುದಿಲ್ಲ. ಗಾಜು ಹಾಗಲ್ಲ, ಹಿಂದೆ ಇರುವುದನ್ನೆಲ್ಲ ಮುಂದೆ ತೋರಿಸುತ್ತದೆ. ನಿಮ್ಮ ತಿಳಿ ಹಸಿರಿನ ಹಿಂದೆ ಬೂದು ಸಿಮೆಂಟ್ ಬಂದರೆ ಆ ಬಣ್ಣ ಅಲ್ಲೇ ಸತ್ತುಹೋಗುತ್ತದೆ. ಬೆಳಕಿಗೋಸ್ಕರ ತಾನೇ ನೀವು ಇದನ್ನು ಆರಿಸಿದ್ದು? ಬಿಳಿ ಬಣ್ಣದ, ಪಾಲಿಮರ್ ಸೇರಿಸಿದ ಟೈಲ್ ಅಡ್ಹೆಸಿವ್ ತರಿಸಿ. ಚೀಲದ ಮೇಲೆ ಗಾಜಿನ ಟೈಲ್‌ಗೆ ಆಗುತ್ತದೆ ಅಂತ ಬರೆದಿರಬೇಕು. ಮಾಮೂಲಿ ಟೈಲ್ ಸ್ವಲ್ಪ ನೀರು ಹೀರಿ ಸಿಮೆಂಟನ್ನು ಹಿಡಿದುಕೊಳ್ಳುತ್ತದೆ. ಗಾಜು ಒಂದು ಹನಿಯನ್ನೂ ಹೀರುವುದಿಲ್ಲ. ಹಿಡಿತವೆಲ್ಲ ಅಡ್ಹೆಸಿವ್‌ದೇ.

ಇನ್ನು ಕರಣೆ ವಿಷಯ. ಇದನ್ನು ನಿಮ್ಮ ಮೇಸ್ತ್ರಿ ಎದುರಿಗೇ ಮಾತಾಡಿ. ನಾವು ಹಲ್ಲಿನ ಕರಣೆಯಲ್ಲಿ ಅಡ್ಹೆಸಿವ್ ಎಳೆದಾಗ ಉದ್ದಕ್ಕೂ ಗೀರು ಗೀರಾಗಿ ಸಾಲು ಏಳುತ್ತದೆ. ಅದರ ಮೇಲೆ ಹಾಗೇ ಗಾಜು ಒತ್ತಿದರೆ ಉತ್ತ ಹೊಲದ ಸಾಲಿನ ಹಾಗೆ ಆ ಗೀರುಗಳೆಲ್ಲ ಕಾಣುತ್ತವೆ. ಒಣಗಿದ ಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಅದಕ್ಕೇ ಹಲ್ಲಿನಲ್ಲಿ ಎಳೆದ ಮೇಲೆ ಕರಣೆ ತಿರುಗಿಸಿ, ಚಪ್ಪಟೆ ಬದಿಯಲ್ಲಿ ಸಾಲುಗಳನ್ನು ಮಟ್ಟ ಮಾಡಬೇಕು. ದೊಡ್ಡ ಟೈಲ್ ಆದರೆ ಅದರ ಬೆನ್ನಿಗೂ ತೆಳುವಾಗಿ ಸವರಬೇಕು. ಹಿಂದೆ ಗಾಳಿಗುಳ್ಳೆ ಉಳಿದರೆ ಅದೂ ಕಲೆ ಬಿದ್ದ ಹಾಗೆ ಕಾಣುತ್ತದೆ.

ಗೋಡೆ ಮಟ್ಟ ಇದೆಯಾ ಅಂತ ಮೊದಲೇ ನೋಡಿಸಿ. ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿ ಹಾಕಿಸುವ ಯೋಚನೆ ಇದ್ದರಂತೂ ಬಿಡಲೇಬೇಡಿ. ಆ ಬೆಳಕು ಗೋಡೆಗೆ ಸವರಿಕೊಂಡು ಇಳಿಯುತ್ತದೆ. ಒಂದು ಟೈಲ್ ಕೂದಲೆಳೆಯಷ್ಟು ಮುಂದೆ ಬಂದಿದ್ದರೂ ಅದರ ನೆರಳು ಬೀಳುತ್ತದೆ.

ಗ್ರೌಟ್ ಮಾಡಲು, ಅಂದರೆ ಟೈಲ್‌ಗಳ ನಡುವಿನ ಸಂದು ತುಂಬಲು, ಅವಸರ ಬೇಡ. ಗಾಜು ನೀರು ಹೀರದ ಕಾರಣ ಹಿಂದಿನ ತೇವ ನಿಧಾನವಾಗಿ ಹೊರಗೆ ಹೋಗುತ್ತದೆ. ಬೇಗ ಸಂದು ಮುಚ್ಚಿದರೆ ಅಲ್ಲಲ್ಲಿ ಕಪ್ಪು ಮಚ್ಚೆ ಕೂತುಬಿಡುತ್ತದೆ. ಚೀಲದಲ್ಲಿ ಎಷ್ಟು ಹೊತ್ತು ಅಂತ ಬರೆದಿರುತ್ತದೋ ಅಷ್ಟಾದರೂ ಬಿಡಿ. ಸಂದು 3 ಮಿ.ಮೀ. ಒಳಗಿದ್ದರೆ ಮರಳಿಲ್ಲದ ಗ್ರೌಟ್ ತೆಗೆದುಕೊಳ್ಳಿ. ಮರಳಿರುವುದನ್ನು ಉಜ್ಜಿದರೆ ಗಾಜಿಗೆ ಗೀರು ಬೀಳುವ ಭಯ. ಗೋಡೆ ಮೂಲೆಗೂ ಕಟ್ಟೆ ಸೇರುವ ಜಾಗಕ್ಕೂ ಗ್ರೌಟ್ ಬೇಡ, ಸಿಲಿಕೋನ್ ತುಂಬಿಸಿ. ಬಿಸಿ ಬಿದ್ದಾಗ ಗಾಜು ಹಿಗ್ಗುತ್ತದೆ, ಅದಕ್ಕೆ ಅಲ್ಲಾಡಲು ಜಾಗ ಬೇಕು. ಒಲೆಯ ಹಿಂದಿನ ಜಾಗಕ್ಕೆ ಆ ಟೈಲ್ ಆಗುತ್ತದಾ ಅಂತ ಡಬ್ಬದ ಮೇಲೆ ಓದಿಕೊಳ್ಳಿ.

ನೆಲಕ್ಕೆ ದೊಡ್ಡ ನಯವಾದ ಗಾಜು ಬೇಡವೇ ಬೇಡ. ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಮರಳಿನ ಕಣ ಗಾಜಿಗಿಂತ ಗಟ್ಟಿ, ಓಡಾಡುತ್ತಾ ಓಡಾಡುತ್ತಾ ಹೊಳಪೆಲ್ಲ ಗೀರಾಗುತ್ತದೆ. ಅಲ್ಲೂ ಗಾಜೇ ಬೇಕು ಅಂದರೆ ಶವರ್ ಜಾಗಕ್ಕೆ ಮಾತ್ರ ಸಣ್ಣ ಮೊಸಾಯಿಕ್ (ಹಾಳೆಯಲ್ಲಿ ಜೋಡಿಸಿ ಬರುವ ಪುಟ್ಟ ಪುಟ್ಟ ಗಾಜಿನ ತುಂಡುಗಳು) ಹಾಕಿಸಿ, ಅದೂ ನೆಲಕ್ಕೆ ಅಂತಲೇ ಮಾಡಿದ್ದು. ಸಂದು ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ.

ಹಿತ್ತಲ ಬಾಗಿಲು:
ನಾನು ಕೆಲಸ ಮಾಡುವವಳಲ್ಲ, ಬಳಸುವವಳು. ನಮ್ಮಲ್ಲಿ ಎರಡೂ ಕಡೆ ಗಾಜಿನ ಟೈಲ್ಸೇ ಇವೆ. ಅಡುಗೆಮನೆಯಲ್ಲಿ ಸುಖವೋ ಸುಖ. ಎಣ್ಣೆ ಸಿಡಿದರೆ ಬಿಸಿನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ, ಅಷ್ಟೇ. ಸ್ಟೀಲ್ ನಾರನ್ನು ಮಾತ್ರ ಹತ್ತಿರ ತರಬೇಡಿ. ಬಾತ್‌ರೂಮಿನಲ್ಲಿ ಕತೆ ಬೇರೆ. ನಿಮ್ಮದು ಗಡಸು ನೀರಾದರೆ ಪ್ರತಿ ಹನಿಯೂ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಸ್ನಾನ ಆದ ಕೂಡಲೇ ರಬ್ಬರ್ ವೈಪರ್ ಒಂದು ಸಲ ಎಳೆದುಬಿಟ್ಟರೆ ಚುಕ್ಕೆ ನಿಲ್ಲುವುದಿಲ್ಲ. ಮನೆಯಲ್ಲಿ ಎಲ್ಲರೂ ಅಷ್ಟು ಮಾಡುತ್ತಾರಾ ಅಂತ ಮೊದಲು ಕೇಳಿಕೊಳ್ಳಿ.

ಬೆಳಕಿಂಡಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೆಲಕ್ಕೆ ಬೇಡ ಅಂತ ತೀರ್ಮಾನ ಮಾಡಿದೆ. ಈಗ ಸ್ಯಾಂಪಲ್ ತಿರುಗಿಸಿ ನೋಡಿದರೆ ಬೆನ್ನಿಗೆ ಹಸಿರು ಪೇಂಟ್ ಥರ ಏನೋ ಬಳಿದಿದ್ದಾರೆ. ಉಗುರಿನಲ್ಲಿ ಕೆರೆದರೆ ಅಂಚಿನಲ್ಲಿ ಸ್ವಲ್ಪ ಎದ್ದು ಬರುತ್ತದೆ. ಇದು ಪರವಾಗಿಲ್ವಾ? ಗಾಜು ಅಂದಮೇಲೆ ಶವರ್ ಗೋಡೆಗೆ ಬೇರೆ ವಾಟರ್‌ಪ್ರೂಫಿಂಗ್ ಬೇಕಾಗಲ್ಲ ಅಲ್ವಾ?

ಕರಣೆ ಕೈ:
ಕೆರೆದು ನೋಡಿದ್ದು ಒಳ್ಳೆಯದಾಯಿತು. ಬೆನ್ನಿಗೆ ಪೇಂಟ್ ಇದ್ದರೆ ಅಡ್ಹೆಸಿವ್ ಹಿಡಿಯುವುದು ಪೇಂಟನ್ನು, ಗಾಜನ್ನಲ್ಲ. ಪೇಂಟ್ ಎದ್ದರೆ ಟೈಲ್ ಕೂಡ ಅದರ ಜೊತೆಗೇ ಬರುತ್ತದೆ. ಉಗುರಿಗೇ ಏಳುವುದನ್ನು ಶವರ್ ಗೋಡೆಗೆ ನಾನು ಹಾಕುವುದಿಲ್ಲ, ನೀವೂ ಹಾಕಿಸಬೇಡಿ. ಗಾಜಿನ ಒಳಗೇ ಬಣ್ಣ ಕೂಡಿರುವ ಟೈಲ್ಸ್ ಸಿಗುತ್ತವೆ. ಅಂಚಿನಿಂದ ನೋಡಿದರೂ ಬಣ್ಣ ಒಂದೇ ಸಮ ಇರುತ್ತದೆ. ಅಂಥದ್ದನ್ನು ಹುಡುಕಿ. ಬಿಳಿ ಅಡ್ಹೆಸಿವ್ ಬಗ್ಗೆ ಹೇಳಿದ್ದೆಲ್ಲ ಅದಕ್ಕೇ. ಮೊಸಾಯಿಕ್ ಹಾಳೆ ಆದರೆ ಹಿಂದೆ ಜಾಲರಿ ಇರುವುದಕ್ಕಿಂತ ಮುಂದೆ ಕಾಗದ ಅಂಟಿಸಿರುವುದು ವಾಸಿ. ತೆಳು ಬಣ್ಣದಲ್ಲಿ ಜಾಲರಿ ಕಂಡುಬಿಡುತ್ತದೆ.

ವಾಟರ್‌ಪ್ರೂಫಿಂಗ್ ಬೇಕೇ ಬೇಕು. ನೀರು ಗಾಜಿನಲ್ಲಿ ಇಳಿಯುವುದಿಲ್ಲ ನಿಜ, ಸಂದಿನಲ್ಲಿ ಇಳಿಯುತ್ತದೆ. ಟೈಲ್ ಮುಟ್ಟುವ ಮೊದಲೇ ಗೋಡೆಗೆ ಅದನ್ನು ಮಾಡಿ ಮುಗಿಸಿರಬೇಕು.

ಕೆಲಸ ಶುರು ಮಾಡುವ ಮುಂಚೆ ಒಂದು ಹಲಗೆ ತುಂಡಿನ ಮೇಲೆ ಎರಡು ಟೈಲ್ ಅಂಟಿಸಲು ಹೇಳಿ, ಒಂದು ಬೂದು ಸಿಮೆಂಟಿನಲ್ಲಿ, ಇನ್ನೊಂದು ಬಿಳಿಯದರಲ್ಲಿ. ಒಣಗಿದ ಮೇಲೆ ಅದೇ ಗೋಡೆಗೆ ಒರಗಿಸಿ ಮೇಸ್ತ್ರಿಗೆ ತೋರಿಸಿ. ವಾದ ಮಾಡುವ ಅಗತ್ಯವೇ ಬರುವುದಿಲ್ಲ. ಕತ್ತರಿಸಲು ಗಾಜಿನ ಡೈಮಂಡ್ ಬ್ಲೇಡ್, ನೀರು ಬಿಟ್ಟುಕೊಂಡು ಓಡುವ ಮೆಷಿನ್ ಇದೆಯಾ ಅಂತಲೂ ಕೇಳಿ. ಇಲ್ಲದಿದ್ದರೆ ಅಂಚು ಚಕ್ಕೆ ಏಳುತ್ತದೆ. ಡಬ್ಬಗಳೆಲ್ಲ ಒಂದೇ ಬ್ಯಾಚಿನವು ಇರಲಿ, ಬ್ಯಾಚ್ ಬದಲಾದರೆ ಬಣ್ಣ ಸ್ವಲ್ಪ ಬದಲಾಗುತ್ತದೆ.

ಟವೆಲ್ ರಾಡ್, ಸೋಪಿನ ಸ್ಟ್ಯಾಂಡ್ ಎಲ್ಲಿ ಬರಬೇಕು ಅಂತ ಈಗಲೇ ಗೋಡೆ ಮೇಲೆ ಗುರುತು ಹಾಕಿಕೊಡಿ. ಆಮೇಲೆ ತೂತು ಹೊಡೆಯಬೇಕಾಗಿ ಬಂದರೆ ಡೈಮಂಡ್ ಬಿಟ್ ಬೇಕು, ನೀರು ಹಾಕುತ್ತಾ ನಿಧಾನ ಓಡಿಸಬೇಕು, ಡ್ರಿಲ್‌ನ ಹ್ಯಾಮರ್ (ಕುಟ್ಟುವ ಮೋಡ್) ಆಫ್ ಇರಬೇಕು. ಟಫನ್ ಮಾಡಿದ (ಕಾಯಿಸಿ ಗಟ್ಟಿ ಮಾಡಿದ) ಗಾಜಾದರೆ ಅದೂ ಆಗುವುದಿಲ್ಲ, ಬಿಟ್ ಇಟ್ಟರೆ ಪುಡಿಪುಡಿ.