ಸಹಾಯ ಬೇಕು: ಟ್ರಯಲ್ಸ್‌ನಲ್ಲಿ ಮೇಲಿನ ಕ್ಲಾಸಿಗೆ ಯಾವಾಗ ಹೋಗೋದು?

ನಮಸ್ಕಾರ. ಯಾರ್ಕ್‌ಶೈರ್ ಕಡೆ ಟ್ರಯಲ್ಸ್ ಬೈಕ್ ಓಡಿಸೋ ಕನ್ನಡದವರು ಯಾರಾದರೂ ಇದ್ದೀರಾ? ಗೊತ್ತಿಲ್ಲದವರಿಗೆ: ಇದು ರೇಸ್ ಅಲ್ಲ, ಬಂಡೆ-ಹಳ್ಳ-ಕೆಸರನ್ನ ಕಾಲೂರದೆ ದಾಟಬೇಕು. ಗುರುತು ಹಾಕಿದ ಒಂದೊಂದು ತುಂಡು ದಾರಿಗೂ (ಸೆಕ್ಷನ್) ಬೇರೆ ಅಂಕ: ಒಂದ್ಸಲ ಕಾಲೂರಿದರೆ 1, ಎರಡು ಸಲಕ್ಕೆ 2, ಅದಕ್ಕೂ ಮೇಲಾದರೆ 3, ಬಿದ್ದರೆ 5. ಕಡಿಮೆ ಅಂಕದವರೇ ಗೆಲ್ಲೋದು.

ಸುಲಭದ ಕ್ಲಾಸಿನ ರೂಟಿನಲ್ಲಿ ಈಗ ನನಗೆ ಬಹುತೇಕ ಸೊನ್ನೆಗಳೇ. ಖುಷಿ ಹೌದು, ಆದರೆ ಕಲಿಕೆ ನಿಂತುಹೋಗಿದೆ. ಮೇಲಿನ ಕ್ಲಾಸಿನ ರೂಟಿನ ಬಂಡೆ ನೋಡಿದರೆ ಮಾತ್ರ ಎದೆ ಧಸಕ್ ಅನ್ನತ್ತೆ. ಮಳೆಗೆ ಬಂಡೆ ಜಾರುವ ದಿನವೂ ಸೊನ್ನೆ ಬರೋ ತನಕ ಕಾಯಲಾ? ಇಲ್ಲಾ, ಅಲ್ಲಿನ ಹೆಚ್ಚಿನ ಸೆಕ್ಷನ್‌ಗಳನ್ನ 3ರೊಳಗೆ ಮುಗಿಸೋ ಹಾಗಿದ್ದರೆ ಸಾಕಾ? ಬರೀ 5 ಅಂಕಗಳೇ ಬಂದರೆ ಮೈಕೈ ನೋವೊಂದೇ ಲಾಭ. ನಿಂತಲ್ಲೇ ಮುಂದಿನ ಚಕ್ರ ಎತ್ತಿ ಪಕ್ಕಕ್ಕೆ ಇಡೋದು ಇನ್ನೂ ಬರಲ್ಲ, ಅದಿಲ್ಲದೆ ನಡೆಯತ್ತಾ? ಅನುಭವ ಇರೋರು ದಯವಿಟ್ಟು ತಿಳಿಸಿ.